ಥೆಲ್ಮಾ ಅಳೆದ ಬಾಗಿಲು

ಬೆಳಗಿನ ಐದೂವರೆ. ಬರ್ನ್ಲಿಯ ವೃದ್ಧಾಶ್ರಮದ ಅಂಗಳದಲ್ಲಿ ಥೆಲ್ಮಾ ಎಂಟ್ವಿಸಲ್ ಮಿನಿಬಸ್ಸಿನ ಹಿಂಬದಿಯ ಲಿಫ್ಟನ್ನು ಖಾಲಿಯಾಗಿಯೇ ಮೂರು ಸಲ ಏರಿಸಿ ಇಳಿಸುತ್ತಾರೆ. ನಾಲ್ಕನೆಯ ಸಲ ತಾವೇ ಗಾಲಿಕುರ್ಚಿಯಲ್ಲಿ ಕೂತು ಏರುತ್ತಾರೆ. ಆಮೇಲಷ್ಟೇ ಚಹಾ. ಇವತ್ತು ಆರು ಗಾಲಿಕುರ್ಚಿಗಳು ಸರೋವರ ಸೀಮೆಯಲ್ಲಿ ಈಗ ಸ್ಮಾರಕವಾಗಿರುವ ಕವಿಯೊಬ್ಬರ ಮನೆಗೆ ಹೊರಟಿವೆ.

ಅರವತ್ತೊಂದರ ಥೆಲ್ಮಾ ಇಲ್ಲಿನ ಚಾಲಕಿ. ಸಾಹಿತಿಗಳ ಊರುಗಳಿಗೆ ವರ್ಷಕ್ಕೆ ನಾಲ್ಕು ಪ್ರವಾಸ, ಯೋಜನೆಯೆಲ್ಲ ಅವರದೇ. ರಜೆಯ ದಿನ ಒಬ್ಬರೇ ಮುಂಚಿತವಾಗಿ ಹೋಗಿ ಬಾಗಿಲು ಅಳೆಯುತ್ತಾರೆ, ಮೆಟ್ಟಿಲು ಎಣಿಸುತ್ತಾರೆ, ಶೌಚಾಲಯದಲ್ಲಿ ಕುರ್ಚಿ ತಿರುಗುತ್ತದೆಯೇ ಎಂದು ನೋಡುತ್ತಾರೆ. ಒಂಬತ್ತು ವರ್ಷಗಳಲ್ಲಿ ಮೂವತ್ತೊಂದು ಮನೆ. "ಕಾದಂಬರಿ ಬರೆದೋರು ಪರವಾಗಿಲ್ಲ. ಈ ಕವಿಗಳು ನೋಡಿ, ಎಲ್ಲಾ ಗುಡ್ಡದ ಮೇಲೇ ಮನೆ ಮಾಡ್ಕೊಂಡಿದಾರೆ" ಎನ್ನುತ್ತಾರೆ.

ಕಳೆದ ವರ್ಷ ಇದೇ ಮನೆಯ ಮುಂದೆ ಅವರ ಲೆಕ್ಕ ತಪ್ಪಿತ್ತು. ಆ ಸಲ ಮಾತ್ರ ಅಲ್ಲಿನ ಸಿಬ್ಬಂದಿ ಫೋನಿನಲ್ಲಿ ಹೇಳಿದ ಅಳತೆಯನ್ನು ನಂಬಿ ಹೋಗಿದ್ದರು. ಸಿರಿಲ್ ಡಕ್‌ವರ್ತ್ ಅವರ ಕುರ್ಚಿ ಇಪ್ಪತ್ತೇಳು ಅಂಗುಲ, ಬಾಗಿಲು ಇಪ್ಪತ್ತೈದು. ಈ ಕವಿಯ ಪದ್ಯಗಳನ್ನು ಮೂವತ್ತೆಂಟು ವರ್ಷ ಶಾಲೆಯಲ್ಲಿ ಪಾಠ ಮಾಡಿದ ಮೇಷ್ಟ್ರು ಅವರು. ಥೆಲ್ಮಾ ಕೂಡ ಅವರ ಶಿಷ್ಯೆ. ಅವತ್ತು ಮೇಷ್ಟ್ರು ಜಿನುಗು ಮಳೆಯಲ್ಲಿ ಕೊಡೆ ಹಿಡಿದು ನಲವತ್ತು ನಿಮಿಷ ಹೊರಗೇ ಕೂತಿದ್ದರು. "ವಾಪಸ್ ಬರೋವಾಗ ಒಂದು ಮಾತೂ ಆಡ್ಲಿಲ್ಲ. ಮೇಷ್ಟ್ರು ಸುಮ್ನಿರೋದನ್ನ ನಾನು ನೋಡೇ ಇರ್ಲಿಲ್ಲ" ಎನ್ನುತ್ತಾರೆ ಥೆಲ್ಮಾ.

ಬಾಗಿಲು ಅಗಲ ಮಾಡಿ ಎಂದು ಏಳು ಪತ್ರ ಬರೆದರು. ಹಳೆಯ ಕಟ್ಟಡ, ಏನನ್ನೂ ಬದಲಿಸುವಂತಿಲ್ಲ ಎಂಬ ಒಂದೇ ಉತ್ತರ. ಫೆಬ್ರವರಿಯಲ್ಲಿ ಟೇಪು ಹಿಡಿದು ತಾವೇ ಹೋಗಿ ಮನೆಯನ್ನು ಒಂದು ಸುತ್ತು ಹಾಕಿದರು. ಹಿತ್ತಿಲ ಸೌದೆಯ ರಾಶಿಯ ಹಿಂದೆ, ಹಿಂದೊಮ್ಮೆ ಕಲ್ಲಿದ್ದಲು ಇಳಿಸುತ್ತಿದ್ದ ಬಾಗಿಲು ಸಿಕ್ಕಿತು. ಮೂವತ್ತೆರಡು ಅಂಗುಲ! ತಾನು ಬಂದ ಮೇಲೆ ಅದನ್ನು ಯಾರೂ ತೆರೆದಿಲ್ಲ, ಕಿತ್ತು ಬಿದ್ದೀತು ಎಂದು ಮನೆಯ ಮೇಲ್ವಿಚಾರಕ ಹಿಂಜರಿದ. "ತೆಗೀರಿ ಸ್ವಾಮಿ, ಬಿದ್ರೆ ನಾನು ಹಿಡ್ಕೋತೀನಿ" ಎಂದರು ಥೆಲ್ಮಾ. ಬಾಗಿಲು ಕಿರುಗುಟ್ಟಿತು, ಬೀಳಲಿಲ್ಲ.

ಈಗ ಹನ್ನೊಂದು ಗಂಟೆ. ಮೊದಲು ಒಳಗೆ ಹೋಗುವುದು ಸಿರಿಲ್ ಅವರ ಕುರ್ಚಿ. ಅಡುಗೆಮನೆ ದಾಟಿ, ಕವಿ ಬರೆಯುತ್ತಿದ್ದ ಮೇಜಿನ ಎದುರು ನಿಲ್ಲುತ್ತದೆ. ಎಂಬತ್ತನಾಲ್ಕರ ಮೇಷ್ಟ್ರು ಮೇಜಿನ ಅಂಚನ್ನು ನೋಡುತ್ತಾರೆ, ಕಿಟಕಿಯಾಚೆಯ ನೀರನ್ನು ನೋಡುತ್ತಾರೆ, ಮೆಲ್ಲಗೆ ಪದ್ಯ ಶುರು ಮಾಡುತ್ತಾರೆ. ಉಳಿದ ಪ್ರವಾಸಿಗರು ಹತ್ತಿರ ಸರಿಯುತ್ತಾರೆ. ಮೂರನೆಯ ಚರಣದಲ್ಲಿ ಸಾಲು ಮರೆತುಹೋಗುತ್ತದೆ. ಹಿಂದಿನಿಂದ ಥೆಲ್ಮಾ ಅದನ್ನು ಎತ್ತಿಕೊಡುತ್ತಾರೆ.

ಮೇಷ್ಟ್ರು ಕತ್ತು ತಿರುಗಿಸುತ್ತಾರೆ. "ಕ್ಲಾಸಲ್ಲಿ ಬರೀ ಕಿಟಕಿ ನೋಡ್ತಿದ್ದೆಯಲ್ಲೇ. ಪಾಠ ಕೇಳಿಸ್ಕೊತಿದ್ಯಾ?"

"ಕೇಳಿಸ್ಕೊತಿದ್ದೆ ಮೇಷ್ಟ್ರೇ. ನೀವು ನನ್ನ ಯಾವತ್ತೂ ಪ್ರಶ್ನೆ ಕೇಳ್ಲಿಲ್ಲ ಅಷ್ಟೆ."

ಮೇಷ್ಟ್ರು ನಗುತ್ತಾರೆ, ಕಣ್ಣೊರೆಸಿಕೊಳ್ಳುತ್ತಾರೆ, ಪದ್ಯ ಮುಗಿಸಿಯೇ ಬಿಡುತ್ತಾರೆ. ಕೋಣೆಯ ತುಂಬ ಚಪ್ಪಾಳೆ.

ಹೊರಡುವ ಹೊತ್ತಿಗೆ ಮೇಲ್ವಿಚಾರಕ ಬಸ್ಸಿನವರೆಗೂ ಬರುತ್ತಾನೆ. ಯಾರ್ಕ್‌ಷೈರಿನ ಬಯಲಲ್ಲಿರುವ ಕಾದಂಬರಿಕಾರ್ತಿಯೊಬ್ಬರ ಸ್ಮಾರಕದವರು ಥೆಲ್ಮಾರ ನಂಬರು ಕೇಳಿದ್ದಾರಂತೆ, ಒಮ್ಮೆ ಬಂದು ಗಾಲಿಕುರ್ಚಿಗೆ ದಾರಿ ತೋರಿಸಬೇಕಂತೆ. ಅಲ್ಲಿ ಮುಂಬಾಗಿಲಿಗೇ ಹದಿನಾಲ್ಕು ಮೆಟ್ಟಿಲು ಎಂದು ಎಚ್ಚರಿಸುತ್ತಾನೆ.

ಥೆಲ್ಮಾ ಸ್ಟೇರಿಂಗ್ ಹಿಡಿದು ಕೂರುತ್ತಾರೆ. "ಹದಿನಾರು" ಎಂದು ತಿದ್ದುತ್ತಾರೆ. "ಹೋದ ಭಾನುವಾರ ಎಣಿಸಿ ಬಂದೆ."