ಕಠ್ಮಂಡುವಿನ ಸ್ವೆಟರ್ ಓಣಿಯಲ್ಲಿ

ನಮ್ಮ ಬಸ್ಸು ಕಠ್ಮಂಡು ಮುಟ್ಟಿದಾಗ ಇನ್ನೂ ಮಬ್ಬುಗತ್ತಲಿತ್ತು. ರಾತ್ರಿಯೆಲ್ಲ ಗುಡ್ಡ ಹತ್ತಿ ಇಳಿದು ಎಲ್ಲರ ಹೊಟ್ಟೆಯೂ ತೊಳಸಿತ್ತು. ಬಾಗಿಲು ತೆಗೆದ ಕೂಡಲೇ ಚಳಿ ಒಳಗೆ ನುಗ್ಗಿತು. ಸಂಕ್ರಾಂತಿ ಹೊತ್ತಿಗೆ ಕಾಲುವೆ ಮೇಲಿಂದ ಬೀಸುವ ಗಾಳಿಯನ್ನೇ ಕಂಪ್ಲಿಯಲ್ಲಿ ನಾವು ಚಳಿ ಅನ್ನುತ್ತೇವೆ. ಇದರ ಮುಂದೆ ಅದು ಏನೂ ಅಲ್ಲ.

ಆ ವರ್ಷ ಎರಡೂ ಬೆಳೆ ಕೈಗೆ ಹತ್ತಿದ್ದವು. ಭತ್ತ ಮಾರಿದ ಮೇಲೆ ನಮ್ಮ ಯಜಮಾನರು ಕಾಶಿ ನೋಡಬೇಕು ಅಂದರು. ಹೊಸಪೇಟೆಯಿಂದ ಹೊರಡುವ ಯಾತ್ರೆ ಬಸ್ಸಿನವನು, ಕಾಶಿ ಜತೆಗೆ ನೇಪಾಳದ ಪಶುಪತಿನಾಥನನ್ನೂ ತೋರಿಸುತ್ತೇನೆ, ಅಲ್ಲಿ ನಮ್ಮ ರೊಕ್ಕವೇ ನಡೆಯುತ್ತದೆ ಅಂದ. ಯಜಮಾನರು ಕೇಳಿದ್ದು ಒಂದೇ ಮಾತು: ಅಡಿಗೆಯವನು ಯಾರು? ಬಸ್ಸಿನ ಜತೆ ಬರುವ ಅಡಿಗೆಯವನು ನಮ್ಮವನೇ, ಲಿಂಗ ಕಟ್ಟಿದವನು ಅಂತ ಗೊತ್ತಾದ ಮೇಲೆಯೇ ಒಪ್ಪಿದರು. ಲಿಂಗವಿಲ್ಲದವರ ಕೈಯಲ್ಲಿ ಅವರು ನೀರು ಕೂಡ ಮುಟ್ಟುವವರಲ್ಲ. ನಾನು ಅಷ್ಟು ಬಿಗಿಯಲ್ಲ. ಹಸಿದರೆ ತಿನ್ನುತ್ತೇನೆ.

ಲಾಡ್ಜಿನಲ್ಲಿ ಬಿಸಿನೀರಿಗೆ ಬೇರೆ ರೊಕ್ಕ ಕೇಳಿದರು. ಯಜಮಾನರು ಹಟಕ್ಕೆ ತಣ್ಣೀರಲ್ಲೇ ಮಿಂದು, ನಡುಗುತ್ತ ಲಿಂಗಪೂಜೆ ಮುಗಿಸಿ, ಅಡಿಗೆಯವನ ಉಪ್ಪಿಟ್ಟು ತಿಂದರು. ಪಶುಪತಿನಾಥನ ದರ್ಶನ ಬೇಗ ಆಯಿತು. ಬಸ್ಸಿನವನು, "ಇವತ್ತು ಪ್ಯಾಟಿ ತಿರುಗಾಡ್ರಿ, ನಾಳೆ ನಸುಕಿಗೇ ವಾಪಸ್ ಹೊರಡೋದು," ಅಂದ. ಮಧ್ಯಾಹ್ನಕ್ಕೆಂದು ಎಲ್ಲರಿಗೂ ಚಪಾತಿ, ಶೇಂಗಾ ಚಟ್ನಿ ಕಟ್ಟಿಕೊಟ್ಟರು.

ನಾವಿಬ್ಬರು ಮೂರು ಗಾಲಿಯ ಟೆಂಪೋ ಹಿಡಿದು ಪೇಟೆಗೆ ಹೋದೆವು. ನಮ್ಮ ಒಂದು ರೂಪಾಯಿಗೆ ಅವರದು ಒಂದೂವರೆ ಹತ್ತಿರ. ಅದು ತಿಳಿದ ಮೇಲೆ ಎಲ್ಲ ಅಗ್ಗ ಕಂಡಿತು, ಕೊಂಡ ಮೇಲೆ ಅಗ್ಗವಲ್ಲ ಅಂತ ತಿಳಿಯಿತು. ಮಡಚಿದರೆ ಕೈಚೀಲದಲ್ಲಿ ಕೂಡುವ ಕೊಡೆ ಒಂದು ಕೊಂಡೆ. ಥರ್ಮಾಸು ಬೇಕು ಅಂದೆ, ಯಜಮಾನರು ಬೇಡ ಅಂದರು.

"ಮನ್ಯಾಗ ಒಲಿ ಐತಿ. ಬಿಸಿ ಬೇಕಂದ್ರ ಕಾಸ್ಕಂಡು ಕುಡಿ."

"ಒಲಿ ಮುಂದ ನೀವು ಕುಂದ್ರತೀರೇನು?" ಅಂದು ಅದನ್ನೂ ಕೊಂಡೆ.

ಒಂದು ಮೂಲೆಯಲ್ಲಿ ಹೆಂಗಸೊಬ್ಬಳು ಅಕ್ಕಿ ಹಿಟ್ಟನ್ನು ಕೈಯಿಂದಲೇ ಬಳೆಯ ಹಾಗೆ ಎಣ್ಣೆಗೆ ಬಿಡುತ್ತಿದ್ದಳು. ಸೇಲ್ ರೊಟ್ಟಿ ಅಂತೆ. ರೊಟ್ಟಿಯಲ್ಲ, ನಮ್ಮ ಕೋಡುಬಳೆಯನ್ನು ದೊಡ್ಡದು ಮಾಡಿ ಸಿಹಿ ಹಾಕಿದರೆ ಹೇಗೋ ಹಾಗೆ. ನಾನು ಎರಡು ತಿಂದೆ. ಯಜಮಾನರು ಪಕ್ಕದ ಅಕ್ಕಿ ಅಂಗಡಿಗೆ ಹೋಗಿ, ಒಂದು ಚಿಟಿಕೆ ಅಕ್ಕಿ ಅಂಗೈಯಲ್ಲಿ ತಿಕ್ಕಿ ಕಡಿದು ನೋಡಿ, "ಹಸಿ ಅದಾವ, ಇನ್ನೂ ಒಣಗಬೇಕಿತ್ತು," ಅಂತ ಅಂಗಡಿಯವನಿಗೆ ಕನ್ನಡದಲ್ಲೇ ಹೇಳಿದರು. ಅವನು ತಲೆ ಆಡಿಸಿದ. ಬೇಯಿಸದ ಅಕ್ಕಿ ಯಾರ ಕೈಯದಾದರೂ ಯಜಮಾನರ ನೇಮಕ್ಕೆ ಅಡ್ಡಿ ಇಲ್ಲ.

ಅಲ್ಲಿಂದ ಸ್ವೆಟರ್ ಓಣಿಗೆ ಬಂದೆವು. ಓಣಿಯ ಎರಡೂ ಕಡೆ ಅವೇ ಅಂಗಡಿಗಳು. ಚಳಿಗಾಲದಲ್ಲಿ ಹೊಸಪೇಟೆಗೆ ಸ್ವೆಟರ್ ಮಾರಲು ಬರುವ ಟಿಬೆಟ್ಟಿನವರ ಜನವೇ ಕೂತಿದ್ದರು. ಯಜಮಾನರ ನಡುಕ ನೋಡಲಾರದೆ ನಾನೇ ಅವರನ್ನು ಒಂದೊಂದು ಅಂಗಡಿಗೆ ಎಳೆದುಕೊಂಡು ಹೋದೆ. ಒಂದರಲ್ಲಿ ಸೊಂಟದ ಮುಂದೆ ಏಪ್ರನ್ನಿನ ಹಾಗೆ ಪಟ್ಟೆಪಟ್ಟೆ ಮುಂಗವಚ ಕಟ್ಟಿದ ನಡುವಯಸ್ಸಿನ ಹೆಂಗಸು ಇದ್ದಳು. ಕಂದು ಬಣ್ಣದ್ದೊಂದು ತೆಗೆದು, ಹಾಕಿ ನೋಡಿ ಅಂತ ಹಿಂದಿಯಲ್ಲಿ ಅಂದಳು.

ಕಂಪ್ಲಿಯಲ್ಲಿ ಯಾರು ಸ್ವೆಟರ್ ಹಾಕಿದ್ದಾರೆ? ಯಜಮಾನರು ರುಮಾಲು ಬಿಚ್ಚಿ ನನ್ನ ಕೈಗೆ ಕೊಟ್ಟು, ಮೊದಲು ಎರಡೂ ಕೈ ತೂರಿಸಿ ಆಮೇಲೆ ತಲೆ ತೂರಿಸಿದರು. ತಲೆ ಅರ್ಧದಲ್ಲಿ ನಿಂತಿತು. ಒಳಗಿನಿಂದಲೇ ಕೂಗಿದರು.

"ಎಳೀಯೇ! ಉಸುರು ಕಟ್ತೈತಿ!"

"ಮ್ಯಾಲಕ್ಕ ಎಳೀಲೋ, ಕೆಳಕ್ಕ ಎಳೀಲೋ?"

"ಯಾವ ಕಡೀಗಾರ ಎಳಿ!"

ನಾನೂ ಅವಳೂ ಸೇರಿ ಮೇಲಕ್ಕೆ ಎಳೆದೆವು. ಹೊರಗೆ ಬಂದವರು ಕೆಂಪು ಮುಖ ಮಾಡಿಕೊಂಡು, "ಇದು ಮನಷ್ಯಾರು ಹಾಕೋದಲ್ಲ," ಅಂದು ರುಮಾಲು ಕಿತ್ತುಕೊಂಡು ನಡೆದುಬಿಟ್ಟರು. ಆ ಹೆಂಗಸು ಹೊಟ್ಟೆ ಹಿಡಿದು ನಗುತ್ತಿದ್ದಳು. ನನಗೂ ನಗು ಬಂದಿತ್ತು.

ಹೊತ್ತು ನೆತ್ತಿಯಿಂದ ಇಳಿದ ಮೇಲೆ ಚೌಕದ ಒಂದು ಗುಡಿಯ ಮೆಟ್ಟಿಲ ಮೇಲೆ ಬಿಸಿಲಿಗೆ ಕೂತು ಬುತ್ತಿ ಬಿಚ್ಚಿದೆವು. ಊಟಕ್ಕೆ ಮೊದಲು ಯಜಮಾನರು ಎದೆಯ ಮೇಲೆ ಕೈ ಇಟ್ಟರು. ಕೈ ಅಲ್ಲೇ ನಿಂತಿತು. ಜುಬ್ಬದ ಒಳಗೆ ತಡಕಿದರು, ಸೊಂಟದ ಹತ್ತಿರ ತಡಕಿದರು.

"ಕರಡಿಗಿ ಇಲ್ಲ," ಅಂದರು.

ನಮ್ಮವರಲ್ಲಿ ಗುರು ಕೊಟ್ಟ ಲಿಂಗವನ್ನು ಕರಡಿಗೆ ಅನ್ನುವ ಬೆಳ್ಳಿ ಡಬ್ಬಿಯಲ್ಲಿಟ್ಟು, ದಾರದಿಂದ ಕೊರಳಿಗೆ ಕಟ್ಟಿಕೊಳ್ಳುತ್ತಾರೆ. ಉಸಿರು ಇರುವ ತನಕ ಅದು ಮೈಮೇಲೆ ಇರಬೇಕು. ಅದಿಲ್ಲದೆ ತುತ್ತು ಇಲ್ಲ, ಹನಿ ನೀರೂ ಇಲ್ಲ. ನನ್ನ ಕೊರಳಲ್ಲಿ ನನ್ನದಿತ್ತು, ಆದರೆ ಅದು ಅವರಿಗೆ ಆಗುವುದಿಲ್ಲ. ಅವರವರದು ಅವರವರಿಗೆ. ಕಳೆದರೆ ಊರಿಗೆ ಹೋಗಿ ಗುರುವಿನಿಂದಲೇ ಬೇರೆ ಕಟ್ಟಿಸಿಕೊಳ್ಳಬೇಕು. ಊರೋ, ವಾರದ ದಾರಿ. ಯಜಮಾನರಿಗೆ ಹೊಟ್ಟೆಯಲ್ಲಿ ಹುಣ್ಣು. ಹೊತ್ತಿಗೆ ಸರಿಯಾಗಿ ಉಣ್ಣದಿದ್ದರೆ ಮತ್ತೆ ರಕ್ತ ಕಾರುತ್ತೀರಿ ಅಂತ ಹೊಸಪೇಟೆ ಡಾಕ್ಟರು ಹೇಳಿದ್ದರು.

"ಇವತ್ತೊಂದಿನ ಉಣ್ರಿ. ಶಿವ ಏನ್ ಕುತ್ತಿಗಿ ಹಿಡೀತಾನ?" ಅಂದೆ.

"ನೀ ಉಣ್ಣು."

"ರಕ್ತ ಕಾರಿದ್ರ ನಾನು ಒಬ್ಬಾಕಿ ನಿಮ್ಮನ್ನ ಎಲ್ಲಿ ಹೊತ್ಕಂಡು ಹೋಗ್ಲಿ?"

"ಇಲ್ಲೇ ಬಿಟ್ಟು ಹೋಗು."

ಇಂಥವರ ಜತೆ ಏನು ಮಾತಾಡುವುದು? ಬುತ್ತಿ ಮತ್ತೆ ಕಟ್ಟಿದೆ. ನಾನು ಉಣ್ಣಬಹುದಿತ್ತು. ಉಣ್ಣಲಿಲ್ಲ. ಕರಡಿಗೆ ಎಲ್ಲಿ ಹೋಯಿತು ಅಂತ ಯೋಚಿಸುವುದು ಬೇಕಿರಲಿಲ್ಲ. ದಾರ ಕೊರಳಿಗೆ ಸಡಿಲವಾಗಿತ್ತು. ಆ ಸ್ವೆಟರ್ ಎಳೆದಾಗ ಅದರ ಜತೆಯೇ ತಲೆಯಿಂದ ಹೊರಗೆ ಬಂದಿತ್ತು.

ಸ್ವೆಟರ್ ಓಣಿಗೆ ತಿರುಗಿ ಓಡಿದೆವು. ಓಣಿ ಒಂದಲ್ಲ, ಅಂಥವೇ ಹಲವು. ಯಾವ ಅಂಗಡಿ? ಯಜಮಾನರು, ಮುಂದೆ ಕೆಂಪು ಸ್ವೆಟರ್ ತೂಗುಹಾಕಿದ್ದರು ಅಂದರು. ಎಲ್ಲ ಅಂಗಡಿ ಮುಂದೆಯೂ ಕೆಂಪು ಸ್ವೆಟರ್ ತೂಗುತ್ತಿತ್ತು. ನಾನು, ಪಟ್ಟೆಪಟ್ಟೆ ಮುಂಗವಚ ಅಂದೆ. ಎಲ್ಲ ಹೆಂಗಸರೂ ಅದನ್ನೇ ಕಟ್ಟಿದ್ದರು. ಕಂಡ ಕಂಡ ಅಂಗಡಿಗೆ ಹೋಗಿ, ಬಳೆಗಾರರ ಹತ್ತಿರ ಕಲಿತ ಹಿಂದಿಯಲ್ಲಿ "ಡಬ್ಬಿ, ಚಾಂದಿ ಡಬ್ಬಿ," ಅಂದೆ. ಕೆಲವರು ಕುಂಕುಮದ ಡಬ್ಬಿ ತೋರಿಸಿ ಬೆಲೆ ಹೇಳಿದರು.

ನಡುವೆ ನಮ್ಮ ಬಸ್ಸಿನ ಶಾಂತಮ್ಮ ಸಿಕ್ಕಳು. ಸಂಡೂರಿನವಳು, ಮಗ ದೋಣಿಮಲೈ ಗಣಿಯಲ್ಲಿ ನೌಕರ. ಅವಳ ಎರಡೂ ಕೈಯಲ್ಲಿ ಚೀಲ. ಸಂಗತಿ ಕೇಳಿ, "ಅಯ್ಯ, ಅಣ್ಣಾರ, ಈ ಊರಾಗ ಕಲ್ಲು ಎತ್ತಿದ್ರ ಲಿಂಗ ಐತಿ. ಒಂದು ಕೊಂಡು ಕಟ್ಟಿಕ್ಯಂಡು ಉಣ್ರಿ ಮತ್ತ," ಅಂದಳು.

ಯಜಮಾನರು ಅವಳ ಕಡೆ ನೋಡಲಿಲ್ಲ. ನಾನು, "ಶಾಂತಮ್ಮ, ನೀನು ಗಂಡನ್ನ ಹಂಗ ಬದಲಾಯಿಸ್ತೀಯೇನು?" ಅಂದೆ. ಅವಳು ಚೀಲ ಎತ್ತಿಕೊಂಡು ಹೋದಳು.

ಹೊತ್ತು ಇಳಿಯುತ್ತಿತ್ತು. ಕೆಲವರು ಬಾಗಿಲು ಹಾಕುತ್ತಿದ್ದರು. ನಾಳೆ ನಸುಕಿಗೆ ಈ ಊರು ಬಿಡಬೇಕು. ಇನ್ನೂ ಹೊಕ್ಕಿರದ ಒಂದು ಓಣಿಗೆ ಬಂದಾಗ ಯಜಮಾನರು ಕಟ್ಟೆಯ ಮೇಲೆ ಹೊಟ್ಟೆ ಹಿಡಿದು ಕೂತರು. ನೋವು ಶುರುವಾಗಿದೆ ಅಂತ ಮುಖ ನೋಡಿಯೇ ತಿಳಿದೆ. "ಎಂಟು ವರ್ಸದಾಂವ ಇದ್ದಾಗ ಕಟ್ಟಿದ್ದು," ಅಂದರು.

ಆಗ ಎದುರು ಅಂಗಡಿಯವನೊಬ್ಬ ಸಿಳ್ಳೆ ಹಾಕಿದ. ಯಜಮಾನರ ರುಮಾಲು ತೋರಿಸಿ, ಓಣಿಯ ಆ ತುದಿಗೆ ಏನೋ ಕೂಗಿದ. ಅಲ್ಲಿಂದ ಇನ್ನೊಬ್ಬ ಕೂಗಿದ. ನಮಗೆ ಅವರ ಅಂಗಡಿಗಳೆಲ್ಲ ಒಂದೇ ಥರ ಕಂಡಿದ್ದವು. ಅವರಿಗೆ ಅಂಥ ರುಮಾಲು ಇಡೀ ಕಠ್ಮಂಡುವಿನಲ್ಲಿ ಒಂದೇ. ಆ ಪಟ್ಟೆ ಮುಂಗವಚದ ಹೆಂಗಸು ಓಡುತ್ತ ಬಂದಳು. ಅಂಥ ರುಮಾಲಿನವನು ಕಂಡರೆ ಹಿಡಿದು ನಿಲ್ಲಿಸಿ ಅಂತ ಮಧ್ಯಾಹ್ನದಿಂದ ಓಣಿಗೆಲ್ಲ ಹೇಳಿಟ್ಟಿದ್ದಳಂತೆ. ನನ್ನ ಕೈ ಹಿಡಿದು, "ಆವೋ ಮಾ, ಆವೋ," ಅಂತ ದರದರ ಎಳೆದುಕೊಂಡು ಹೋದಳು.

ಅಂಗಡಿಯಲ್ಲಿ ಕೂರಿಸಿದಳು, ಆದರೆ ಡಬ್ಬಿ ಕೊಡಲಿಲ್ಲ. ಯಜಮಾನರ ಕಡೆ ತಿರುಗಿ, ಒಳಗೇನಿದೆ ಅಂತ ಕೇಳಿದಳು. ಬೇರೆ ಯಾರೋ ಬಂದು ತಮ್ಮದು ಅಂದರೆ ಅವಳಿಗೆ ಹೇಗೆ ಗೊತ್ತಾಗಬೇಕು? ಕೇಳಿದ್ದು ಸರಿ. ಯಜಮಾನರಿಗೆ ಹಿಂದಿ ಬಾರದು. ಅವರು ಚಕ್ಕಳಮಕ್ಕಳ ಹಾಕಿ, ಎಡಗೈ ಚಾಚಿ, ಬರೀ ಅಂಗೈಯನ್ನು ಕಣ್ಣಿನ ಎದುರು ಹಿಡಿದು ನೋಡುತ್ತ ಕೂತರು. ದಿನಾ ಲಿಂಗವನ್ನು ಅಂಗೈಯಲ್ಲಿಟ್ಟು ಪೂಜೆಗೆ ಕೂರುವ ಹಾಗೆಯೇ.

ಅವಳಿಗೆ ಅಷ್ಟೇ ಸಾಕಾಯಿತು. ಎಲ್ಲಕ್ಕಿಂತ ಮೇಲಿನ ಅಟ್ಟಣಿಗೆಯಲ್ಲಿ ಅವಳ ದೇವರ ಮುಂದೆ ತುಪ್ಪದ ದೀಪ ಉರಿಯುತ್ತಿತ್ತು. ಅದರ ಪಕ್ಕದಲ್ಲಿ ಕರಡಿಗೆಯನ್ನು ಬಿಳಿ ರೇಷ್ಮೆ ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದಳು. ಎರಡೂ ಕೈಯಲ್ಲಿ ತಂದು, ತಲೆ ಬಗ್ಗಿಸಿ ಕೊಟ್ಟಳು. ಆಮೇಲೆ ತನ್ನ ಅಂಗಿಯೊಳಗಿಂದ ಒಂದು ದಾರ ಎಳೆದಳು. ದಾರದ ತುದಿಯಲ್ಲಿ ಬೆಳ್ಳಿ ಡಬ್ಬಿ. ಅವಳ ದೇವರೂ ಕೊರಳಲ್ಲೇ ಇತ್ತು. ಅದನ್ನು ಬೆರಳಿನಿಂದ ಮುಟ್ಟಿ, ಯಜಮಾನರದನ್ನು ತೋರಿಸಿ, ತಾನು ತೆರೆದು ನೋಡಿಲ್ಲ ಅಂತ ಕೈ ಆಡಿಸಿದಳು.

ಯಜಮಾನರು ಮುಖ ಆ ಕಡೆ ತಿರುಗಿಸಿದರು. ಅತ್ತರೋ ಇಲ್ಲವೋ ನಾನು ಬಗ್ಗಿ ನೋಡಲಿಲ್ಲ.

ಪೂಜೆ ಮಾಡದೆ ಉಣ್ಣುವಂತಿಲ್ಲ. ಲಾಡ್ಜಿಗೆ ಹೋಗುವಷ್ಟು ಕಸುವು ಅವರಲ್ಲಿ ಉಳಿದಿರಲಿಲ್ಲ. ನಾನು ಕೈಸನ್ನೆಯಲ್ಲಿ ನೀರು ಕೇಳಿದೆ. ಅವಳು ಹಿತ್ತಾಳೆ ತಂಬಿಗೆ ತಿಕ್ಕಿ ತೊಳೆದು ನೀರು ತಂದು, ಸ್ವೆಟರಿನ ಗಂಟುಗಳನ್ನು ಸರಿಸಿ ಜಾಗ ಮಾಡಿದಳು. ಯಾವ ನೀರು, ಯಾರು ತಂದರು ಅಂತ ಯಜಮಾನರು ಕೇಳಲಿಲ್ಲ. ಪೂಜೆ ನಡೆದಷ್ಟು ಹೊತ್ತು ಅವಳು ಬಾಗಿಲಲ್ಲಿ ನಿಂತು, ಬಂದ ಗಿರಾಕಿಯನ್ನು ಹಿಂದಕ್ಕೆ ಕಳಿಸಿದಳು.

ಆಮೇಲೆ ಅಲ್ಲೇ ಬುತ್ತಿ ಬಿಚ್ಚಿದೆವು. ಅವಳು ಮರದ ಬಟ್ಟಲಲ್ಲಿ ಚಹಾ ತಂದಳು. ಉಪ್ಪು, ಬೆಣ್ಣೆ ಹಾಕಿದ್ದು. ನಾನು ಒಂದು ಗುಟುಕು ಕುಡಿದು ಬಟ್ಟಲು ಕೆಳಗಿಟ್ಟೆ. ಯಜಮಾನರು ತಮ್ಮದನ್ನು ಎತ್ತಿದರು. ಕಣ್ಣು ಮುಚ್ಚಿ ಪೂರಾ ಕುಡಿದರು.

"ಹೆಂಗೈತಿ?" ಅಂದೆ.

"ಚಾ ಅಲ್ಲ. ಸಾರು ಅಂತ ಕುಡದ್ರ ಛಲೋ ಐತಿ."

ಶೇಂಗಾ ಚಟ್ನಿ ಹಚ್ಚಿದ ಚಪಾತಿ ಅವಳಿಗೂ ಕೊಟ್ಟೆ. ಕಣ್ಣಲ್ಲಿ ನೀರು ಸುರಿಸಿಕೊಂಡು ತಿಂದಳು, ಮತ್ತೊಂದು ಕೇಳಿದಳು. ಹೊರಡುವಾಗ ಮುಂದೆ ಗುಂಡಿ ಇರುವ ಸ್ವೆಟರ್ ಒಂದು ಆರಿಸಿ ಬೆಲೆ ಇಳಿಸು ಅಂದೆ. ಒಂದು ಪೈಸೆ ಇಳಿಸಲಿಲ್ಲ. ವ್ಯಾಪಾರ ವ್ಯಾಪಾರವೇ. ಕೇಳಿದಷ್ಟು ಕೊಟ್ಟೆ.

ಲಾಡ್ಜು ಮುಟ್ಟಿದಾಗ ಎಲ್ಲರೂ ಪಂಕ್ತಿಯಲ್ಲಿ ಕೂತಿದ್ದರು. ಅಡಿಗೆಯವನು ಅನ್ನದ ಬೋಗುಣಿ ಹಿಡಿದು ಬಂದ. ಯಜಮಾನರು, "ನನಗ ಬ್ಯಾಡಪ, ಊಟ ಆಗೈತಿ," ಅಂದರು.

ಶಾಂತಮ್ಮ ಎಲೆಯಿಂದ ಕೈ ಎತ್ತಿದಳು. "ಎಲ್ಲಿ ಉಂಡ್ರಿ, ಅಣ್ಣಾರ?"

"ನಮ್ಮೋರ ಮನ್ಯಾಗ."

"ಈ ದೇಶದಾಗ ನಿಮ್ಮೋರು ಯಾರದಾರ್ರೀ?"

ಯಜಮಾನರು ಕೊರಳಿಗೆ ಕೈ ಹಾಕಿ ದಾರದ ಗಂಟು ಬಿಗಿ ಮಾಡಿಕೊಂಡರು.

"ಅದಾರವ್ವಾ," ಅಂದರು.