ಪೂಜೆಗೆ ಕೂತ ಸ್ಕ್ರೂಡ್ರೈವರ್

ನಮ್ಮ ಮನೆಯವರ ಲೆಕ್ಕದಲ್ಲಿ ನಾನು ದೇವರ ಮುಂದಿನ ಸಾಮಾನು ಕದ್ದ ಕಳ್ಳಿ. ಹೌದು, ಕದ್ದೆ. ಅದರಲ್ಲಿ ಮುಚ್ಚಿಡುವುದೇನಿದೆ? ಆದರೆ ಯಾಕೆ ಕದ್ದೆ ಎಂಬುದನ್ನು ಅವರು ಹೇಳುವುದಿಲ್ಲ. ಬಂದವರ ಮುಂದೆಲ್ಲ ಅರ್ಧ ಕತೆ ಹೇಳಿ ನಗುತ್ತಾರೆ. ಅದಕ್ಕೇ ಪೂರ್ತಿ ಕತೆಯನ್ನು ನಾನೇ ಬರೆಯಲು ಕೂತಿದ್ದೇನೆ.

ಖಾನಾಪುರದ ಆಚೆ ಗುಂಜಿ ಎಂಬ ಊರಿನಲ್ಲಿ ನನ್ನ ಸೋದರತ್ತೆ ಇದ್ದಾಳೆ, ಅಪ್ಪನ ತಂಗಿ. ವಯಸ್ಸು ಎಪ್ಪತ್ತೈದು ದಾಟಿದೆ, ನಾಲಿಗೆಗೆ ಮಾತ್ರ ಇನ್ನೂ ಇಪ್ಪತ್ತು. ಬೆಳಗಾವಿಯ ಒಂದು ಛಾಪಖಾನೆಯಲ್ಲಿ ಅಕ್ಷರ ಜೋಡಿಸುತ್ತಿದ್ದವಳು. ಅಲ್ಲಿಗೆ ಕಂಪ್ಯೂಟರ್ ಬಂದ ದಿನ ಗಂಡಸರೆಲ್ಲ ನೀ ಮುಂದೆ ನೀ ಮುಂದೆ ಎಂದು ನಿಂತಿದ್ದರೆ ಈಕೆ ಹೋಗಿ ಕುರ್ಚಿ ಎಳೆದುಕೊಂಡು ಕೂತಳಂತೆ. ಛಾಪಖಾನೆ ಮುಚ್ಚಿದಾಗ ಆ ಕಂಪ್ಯೂಟರನ್ನೇ ತೊಡೆಯ ಮೇಲಿಟ್ಟುಕೊಂಡು ರೈಲಿನಲ್ಲಿ ಊರಿಗೆ ಒಯ್ದಳು. ಪರದೆ, ಯಂತ್ರ ಎಲ್ಲ ಒಂದೇ ಡಬ್ಬಿಯಲ್ಲಿರುವ, ತಲೆಯಲ್ಲಿ ಕೈ ಹಾಕಿ ಎತ್ತಲು ತಗ್ಗಾದ ಹಿಡಿಕೆಯಿರುವ ಪುಟ್ಟ ಕಂಪ್ಯೂಟರ್. ಅಂದಿನಿಂದ ಇಂದಿನವರೆಗೆ ಅದರಲ್ಲಿ ದಿನವೂ ಏನೋ ಬರೆಯುತ್ತಾಳೆ. "ಏನ್ ಬರೀತಿ ಅತ್ತಿ?" ಎಂದರೆ, "ನೀ ಸತ್ತ ಮ್ಯಾಲ ಹೇಳ್ತೀನಿ" ಎನ್ನುತ್ತಾಳೆ.

ಆಕೆಯ ಸೊಸೆ ಹೊಸ ಲ್ಯಾಪ್‌ಟಾಪ್ ತಂದುಕೊಟ್ಟಿದ್ದಳು. ಅತ್ತೆ ಎರಡೇ ದಿನಕ್ಕೆ ಅದನ್ನು ತಿರುಗಿ ಅವಳ ಕೈಗಿಟ್ಟಳು. "ನಾ ಬರಿಯೂಕಿಂತ ಮೊದಲ ಅದೇ ಬರೀತದ. ಅಷ್ಟ ಶ್ಯಾಣ್ಯಾ ಇದ್ದರ ಅದೇ ಬರ್ಕೊಳ್ಳಲಿ!"

ಆದರೆ ಆ ಹಳೆಯ ಡಬ್ಬಿಯೊಳಗೆ ಹಾರ್ಡ್ ಡಿಸ್ಕ್ ಇರಲಿಲ್ಲ. ಯಂತ್ರ ಏಳಬೇಕಾದರೆ ಒಂದು ಫ್ಲಾಪಿ ಹಾಕಬೇಕು, ಬರೆದದ್ದನ್ನು ಇಡಲು ಅದನ್ನು ತೆಗೆದು ಇನ್ನೊಂದು ಹಾಕಬೇಕು, ಮತ್ತೆ ಮೊದಲಿನದು ಕೇಳುತ್ತದೆ, ಮತ್ತೆ ಎರಡನೆಯದು. ಹೋದ ವರ್ಷ ಅತ್ತೆಗೆ ಸಣ್ಣಗೆ ಲಕ್ವಾ ಹೊಡೆಯಿತು. ಹೇಗೋ ಎದ್ದಳು, ಆದರೆ ಬಲಗೈ ನಡುಗುವುದು ನಿಲ್ಲಲಿಲ್ಲ. ಗುಂಡಿ ಒತ್ತಲು ಬರುತ್ತದೆ, ಆ ಸಣ್ಣ ಸೀಳಿನೊಳಗೆ ಫ್ಲಾಪಿ ನೆಟ್ಟಗೆ ತೂರಿಸಲು ಬರುವುದಿಲ್ಲ. ಸೊಸೆ ಪಾಪ, "ನಾ ಬಾಜೂಕ ಕುಂತು ಹಾಕಿ ಕೊಡ್ತೀನ್ರಿ" ಎಂದಳು. ಒಲ್ಲೆ ಎಂದರೆ ಒಲ್ಲೆ. ತಿಂಗಳುಗಟ್ಟಲೆ ಬರೆಯುವುದು ನಿಂತುಹೋಯಿತು. ಆ ತಿಂಗಳುಗಳಲ್ಲಿ ನಾನು ಹೋದಾಗಲೆಲ್ಲ ಆಕೆ ಬೈಯುವುದನ್ನೂ ಮರೆತು ಗೋಡೆ ನೋಡುತ್ತ ಕೂತಿರುತ್ತಿದ್ದಳು. ನನಗೆ ಹೆದರಿಕೆಯಾಯಿತು.

ನಾನು ಪಾಲಿಟೆಕ್ನಿಕ್ಕಿನ ಎಲೆಕ್ಟ್ರಾನಿಕ್ಸ್ ಲ್ಯಾಬಿನಲ್ಲಿ ದುಡಿದು ನಿವೃತ್ತಳಾದವಳು. "ಒಳಗೇ ಒಂದು ಡಿಸ್ಕ್ ಕೂಡಿಸಿ ಕೊಡ್ತೀನಿ. ಫ್ಲಾಪಿ ಮುಟ್ಟೂದೇ ಬ್ಯಾಡ" ಎಂದು ಶ್ರಾವಣದಲ್ಲಿ ದೊಡ್ಡದಾಗಿ ಹೇಳಿ ಕಂಪ್ಯೂಟರನ್ನು ಬೆಳಗಾವಿಯ ಖಾಸಬಾಗದ ನಮ್ಮ ಮನೆಗೆ ತಂದೆ. ಅತ್ತೆ ಒಂದೇ ಮಾತು ಹೇಳಿದ್ದಳು. "ನಾ ವರ್ಷಾ ವಿಜಯದಶಮಿಗೆ ಹೊಸಾದು ಸುರು ಮಾಡಾಕಿ. ಅವತ್ತ ತಂದರ ತಂದಿ. ಇಲ್ಲಾಂದ್ರ ಗುಜರಿಗೆ ಹಾಕು. ನನ್ನ ಬರಿಯೂದು ಮುಗೀತು ಅಂತ ತಿಳಕೋತೀನಿ." ಹೇಳಿದರೆ ಮಾಡುವ ಹೆಣ್ಣು ಅದು.

ನಾನು ಏನು ಮಾಡಿದೆ? ಯುದ್ಧಕಾಲದಲ್ಲಿ ಶಸ್ತ್ರಾಭ್ಯಾಸ. ಡಿಸ್ಕ್ ಹುಡುಕುವುದರಲ್ಲಿ ಗಣೇಶ ಚೌತಿ ಹೋಯಿತು. ಕೊನೆಗೆ ಹಳೆ ಸಾಮಾನಿನ ರಾಶಿಯಲ್ಲಿ ಅದೇ ಕಾಲದ್ದೊಂದು ಸಿಕ್ಕಿತು. ನಾಳೆ ನಾಳೆ ಎನ್ನುತ್ತ ನಾನು ಡಬ್ಬಿ ಬಿಚ್ಚಲು ಕೂತದ್ದು ಖಂಡೇನವಮಿಯ, ಅಂದರೆ ಆಯುಧಪೂಜೆಯ ಮಧ್ಯಾಹ್ನ, ಮರುದಿನವೇ ವಿಜಯದಶಮಿ.

ಆ ಡಬ್ಬಿಯ ಎರಡು ಸ್ಕ್ರೂಗಳು ಹಿಡಿಕೆಯ ತಗ್ಗಿನಲ್ಲಿ ಗೇಣುದ್ದ ಆಳದಲ್ಲಿ ಕೂತಿರುತ್ತವೆ. ತೆಗೆಯಲು ನಕ್ಷತ್ರದ ತುದಿಯ ಉದ್ದನೆಯ ಸ್ಕ್ರೂಡ್ರೈವರೇ ಬೇಕು. ನನ್ನ ಹತ್ತಿರ ಇತ್ತು. ಮೇಜಿನ ಮೇಲೆ ನೋಡಿದೆ, ಇಲ್ಲ. ಚೀಲದಲ್ಲಿ ನೋಡಿದೆ, ಇಲ್ಲ. ಆಮೇಲೆ ದೇವರ ಕೋಣೆಗೆ ಹೋಗಿ ನೋಡುತ್ತೇನೆ, ಇದೆ! ಕೆಂಪು ವಸ್ತ್ರದ ಮೇಲೆ ಸುತ್ತಿಗೆ, ಪಾನಾ, ಗರಗಸಗಳ ಸಾಲಿನಲ್ಲಿ ವಿಭೂತಿ ಬಳಿದುಕೊಂಡು, ಚೆಂಡುಹೂವಿನೊಳಗೆ ಮುಖ ಹುದುಗಿಸಿ, ಕಪ್ಪು ಹಿಡಿಯನ್ನಷ್ಟೇ ಹೊರಗೆ ಚಾಚಿ ಮಲಗಿದೆ.

ನಮ್ಮ ಮನೆಯವರದು ರವಿವಾರ ಪೇಟೆಯಲ್ಲಿ ಹಾರ್ಡ್‌ವೇರ್ ಅಂಗಡಿ. ಖಂಡೇಪೂಜೆಯಲ್ಲಿ ಅವರಷ್ಟು ಕಟ್ಟುನಿಟ್ಟಿನವರು ಪೇಟೆಯಲ್ಲೇ ಇಲ್ಲ. ಬೆಳಿಗ್ಗೆ ಮನೆಯ ಪೂಜೆ ಮುಗಿಸಿ, "ನಾಳೆ ನಾ ಎತ್ತೂತನಕಾ ಯಾರೂ ಮುಟ್ಟೂಹಂಗಿಲ್ಲ. ವರ್ಷಾನಗಟ್ಟಲೆ ದುಡದಾವ, ಒಂದ ದಿನಾ ಕುಂದರ್ಲಿ" ಎಂದು ಹೇಳಿ ಅಂಗಡಿಯ ಪೂಜೆಗೆ ಹೋಗಿದ್ದರು. ಬೇರೆ ಕಡೆಯಿಂದ ತರೋಣವೆಂದರೆ ಅವತ್ತು ಇಡೀ ಪೇಟೆಯ ಸ್ಕ್ರೂಡ್ರೈವರುಗಳೆಲ್ಲ ಹೂವು ಮುಡಿದು ಕೂತಿದ್ದವು.

ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ನಾನೂ ಕಣ್ಣು ಮುಚ್ಚಿ ಕೈಮುಗಿದೆ, ಕಣ್ಣು ತೆರೆಯುವಷ್ಟರಲ್ಲಿ ಅದು ನನ್ನ ಸೆರಗಿನೊಳಗಿತ್ತು. ಜಾಗ ಖಾಲಿ ಕಾಣಬಾರದಲ್ಲ? ಅಡುಗೆಮನೆಯಿಂದ ಕಪ್ಪು ಹಿಡಿಯ ಸಾರಿನ ಸೌಟು ತಂದು ಮಲಗಿಸಿ, ಅದರ ಬುಂಡೆಯ ಮೇಲೆ ಹೂವು ಮುಚ್ಚಿ, ಹಿಡಿಗೆ ಮೂರು ಬೆರಳು ವಿಭೂತಿ ಎಳೆದೆ. ಆಟೋದಲ್ಲಿ ಕಂಪ್ಯೂಟರ್, ಡಿಸ್ಕ್, ಅತ್ತೆಯ ಫ್ಲಾಪಿಗಳನ್ನು ಇಟ್ಟುಕೊಂಡು ಚಾಚಾನ ಅಂಗಡಿಗೆ ಓಡಿದೆ.

ಚಾಚಾ ನಮ್ಮ ಭಾಗದ ಹಳೆಯ ಟಿ.ವಿ. ರಿಪೇರಿಯವರು. ಪರದೆಯ ಹಿಂದೆ, ಬಂದ್ ಮಾಡಿದ ಮೇಲೂ, ಕರೆಂಟು ಅವಿತು ಕೂತಿರುತ್ತದೆ. ಅದನ್ನು ಇಳಿಸಲು ಅವರ ಕೈಯೇ ಬೇಕು. ನಾನು ಸೆರಗಿನಿಂದ ಸ್ಕ್ರೂಡ್ರೈವರ್ ತೆಗೆದುಕೊಟ್ಟರೆ ಅವರು ಅದರ ಮೇಲಿನ ವಿಭೂತಿ ನೋಡಿ ಎರಡು ಹೆಜ್ಜೆ ಹಿಂದೆ ಸರಿದರು.

"ತೋಬಾ ತೋಬಾ! ಅಕ್ಕಾರ, ಇದು ಪೂಜಾದಾಗಿಂದು ಅಲ್ರಿ?"

"ಹೌದು ಚಾಚಾ. ಲಗೂ ಬಿಚ್ಚರಿ."

"ನಾ ಮುಟ್ಟೂದಿಲ್ಲ. ನಿಮ್ಮ ಯಜಮಾನ್ರು ಅದಕ್ಕ ಸೂಟಿ ಕೊಟ್ಟಾರ. ಸೂಟಿ ಮ್ಯಾಲ ಇದ್ದಾವಗ ನಾ ಕೆಲಸಾ ಹಚ್ಚಲಿ?"

"ನಿಮಗ್ಯಾಕ ಬೇಕ್ರಿ ನಮ್ಮ ಪೂಜಾದ ಉಸಾಬರಿ!" ಎಂದು ನಾನು ರೇಗಿದೆ.

"ನೀವು ತಿರುವ್ರಿ, ನಾ ಹೇಳ್ತೀನಿ. ಪಾಪ ನಿಮಗ, ಅಕಲ್ ನಂದು" ಎಂದು ಸ್ಟೂಲ್ ಎಳೆದು ಕೂತೇಬಿಟ್ಟರು.

ಹೀಗಾಗಿ ಸ್ಕ್ರೂ ಬಿಚ್ಚಿದ್ದು ನಾನು. ಬೆನ್ನಿನ ಕವಚ ಕಳಚಿದ ಮೇಲೆ ಚಾಚಾ ತಮ್ಮದೇ ಚಪ್ಪಟೆ ತುದಿಯ ಸ್ಕ್ರೂಡ್ರೈವರಿಗೆ ತಂತಿ ಸುತ್ತಿ, ಒಂದು ಕೈ ಬೆನ್ನ ಹಿಂದಿಟ್ಟುಕೊಂಡು, ಅವಿತ ಕರೆಂಟನ್ನು ಇಳಿಸಿದರು. ಟಪ್ ಎಂದಿತು. ಫ್ಲಾಪಿಯ ಗೂಡಿನ ಮೇಲೆ ತಗಡಿನ ಪಟ್ಟಿ ಕೂಡಿಸಿ, ಅದರ ಮೇಲೆ ಡಿಸ್ಕ್ ಬಿಗಿದು, ವೈರು ಜೋಡಿಸಿ ಸ್ವಿಚ್ ಒತ್ತಿದರೆ ಡಿಸ್ಕ್ ಮಿಸುಕಲಿಲ್ಲ. ನಾಳೆ ಅತ್ತೆಗೆ ಏನು ಮುಖ ತೋರಿಸಲಿ? ನನ್ನ ಸೋಮಾರಿತನಕ್ಕೆ ಬೆಂಕಿ ಬೀಳಲಿ ಎಂದು ಅಲ್ಲೇ ಕಣ್ಣೀರು ಬಂತು.

"ಅಳಬ್ಯಾಡ್ರಿ. ವರ್ಷಾನಗಟ್ಟಲೆ ಮಲಗೈತಿ, ಒಳಗ ಅಂಟಿಕೊಂಡಿರತೈತಿ. ಬಂದ್ ಮಾಡಿ ಹೊರಗ ತಗೀರಿ, ಅಂಗೈಯಾಗ ಹಿಡದು ಮಣಿಕಟ್ಟು ಗಿರಕ್ ಅಂತ ತಿರುವ್ರಿ" ಎಂದರು ಚಾಚಾ. ತಿರುವಿದೆ. ಎರಡು ಸಲ, ಮೂರು ಸಲ. ಮತ್ತೆ ಜೋಡಿಸಿ ಒತ್ತಿದಾಗ ಸುಂಯ್ ಎಂದು ತಿರುಗಿತು ನೋಡಿ! ನಾನೂ ಚಾಚಾನೂ ಸಣ್ಣ ಮಕ್ಕಳ ಹಾಗೆ ಚಪ್ಪಾಳೆ ಹೊಡೆದೆವು. ಅತ್ತೆಯ ಫ್ಲಾಪಿಗಳನ್ನೆಲ್ಲ ಒಂದೊಂದಾಗಿ ಡಿಸ್ಕಿಗೆ ಇಳಿಸುವಾಗ ಒಂದನ್ನಾದರೂ ತೆರೆದು ನೋಡಬೇಕೆಂದು ಬೆರಳು ತುರಿಸಿತು. ಆದರೆ ಮಂಗಳಾರತಿಯ ಹೊತ್ತಾಗಿತ್ತು.

ಮನೆಗೆ ಬಂದರೆ ನಮ್ಮ ಮನೆಯವರು ಆರತಿ ಹಿಡಿದೇ ನಿಂತಿದ್ದರು. ಸುತ್ತಿಗೆಗೆ ಬೆಳಗಿದರು, ಪಾನಾಕ್ಕೆ ಬೆಳಗಿದರು, ಸೌಟಿಗೂ ಭಕ್ತಿಯಿಂದ ಬೆಳಗಿದರು. ನಾನು ಸೆರಗು ಬಾಯಿಗೆ ತುರುಕಿಕೊಂಡು ನಿಂತಿದ್ದೆ. ಅವರು ಮಲಗಿದ ಮೇಲೆ ಬದಲಿಸಿದರಾಯಿತು ಎಂದುಕೊಂಡವಳು ಅವರಿಗಿಂತ ಮೊದಲೇ ನಿದ್ದೆ ಹೋದೆ.

ಬೆಳಿಗ್ಗೆ ದೇವರ ಕೋಣೆಯಲ್ಲಿ ಅವರು ಸಾಮಾನು ಎತ್ತುತ್ತಿದ್ದರು. ಹೋಗಿ ನೋಡಿದರೆ ಅವರ ಕೈಯಲ್ಲಿ ಸೌಟು.

"ಇದು ಯಾವಾಗಿಂದ ನಮ್ಮ ಅಂಗಡಿ ಸಾಮಾನ ಆತು?"

"ವರ್ಷಾನಗಟ್ಟಲೆ ನಿಮ್ಮ ಹೊಟ್ಟಿ ತುಂಬಸೂದು ಅದೇ ಅಲ್ರಿ? ಅದಕ್ಕೂ ಒಂದ ದಿನಾ ಸೂಟಿ ಬ್ಯಾಡ?"

ಅವರು ಸೌಟನ್ನು ಕಣ್ಣಿಗೊತ್ತಿಕೊಂಡು, "ಅದಕ್ಕ ಸೂಟಿ, ಸ್ಕ್ರೂಡ್ರೈವರಿಗೆ ಹಾಜರಿ. ನಿನ್ನ ನ್ಯಾಯ ಭಾಳ ಚೊಲೋ ಐತಿ" ಎಂದರು. ಆದರೆ ಗುಂಜಿಗೆ ಹೊರಡಲು ಅಂಗಡಿಯ ಟೆಂಪೋ ತೆಗೆದವರೂ ಅವರೇ.

ದಾರಿಯುದ್ದಕ್ಕೂ ಕಂಪ್ಯೂಟರ್ ನನ್ನ ತೊಡೆಯ ಮೇಲೆ. ಖಾನಾಪುರದಲ್ಲಿ ಚಹಾಕ್ಕೆ ನಿಂತಾಗ ಹೂವು ಮಾರುವ ಹೆಂಗಸು ಮರಾಠಿಯಲ್ಲಿ ಇದೇನು ಎಂದು ಕೇಳಿದಳು. "ಆತ್ಯಾಚಂ ಡೋಕಂ" ಎಂದೆ, ಅತ್ತೆಯ ತಲೆ. ಆಕೆ ಗಾಬರಿಯಾಗಿ ಒಂದು ಮೊಳ ಹೂವು ಹೆಚ್ಚಿಗೆ ಕೊಟ್ಟಳು.

ಅತ್ತೆ ಹೊಸ ಇಳಕಲ್ ಸೀರೆ ಉಟ್ಟು ಮೇಜಿನ ಮುಂದೆ ಕೂತಿದ್ದಳು. ನಾವು ಬರುತ್ತೇವೋ ಇಲ್ಲವೋ ಎಂದು ಬೆಳಗ್ಗೆಯಿಂದ ಹನಿ ನೀರೂ ಕುಡಿದಿಲ್ಲವೆಂದು ಸೊಸೆ ಪಿಸುಗುಟ್ಟಿದಳು. ಕಂಪ್ಯೂಟರ್ ಇಟ್ಟೆ, ಸ್ವಿಚ್ ಒತ್ತಿದೆ. ಡಿಸ್ಕ್ ತಿರುಗಿತು, ಪರದೆ ಬೆಳಗಿತು, ಆಕೆಯ ಕಡತಗಳೆಲ್ಲ ಸಾಲಾಗಿ ಬಂದವು. ಫ್ಲಾಪಿ ಬೇಡಲೇ ಇಲ್ಲ. ಅತ್ತೆ ನಡುಗುವ ಕೈಯನ್ನು ಡಬ್ಬಿಯ ಮೇಲಿಟ್ಟು ಆ ಸದ್ದನ್ನೇ ಕೇಳುತ್ತ ಕೂತಳು. ಆಕೆಯ ಬೆನ್ನಿಗೆ ನಾನು, ನನ್ನ ಬೆನ್ನಿಗೆ ಸೊಸೆ, ಮನೆಯವರು. ಎಲ್ಲರ ಕಣ್ಣೂ ಪರದೆಯ ಮೇಲೆ.

"ಇಳಸೂಮುಂದ ಓದಿದಿ ಏನು?" ಎಂದು ಕೇಳಿದಳು.

"ಇಲ್ಲತ್ತಿ."

"ಖರೇ?"

"ನಿನ್ನಾಣಿ. ಹೊತ್ತ ಸಿಗಲಿಲ್ಲ."

"ಹಂಗಾದರ ಹೊರಗ ನಡೀರಿ ಎಲ್ಲಾರೂ. ಬಾಜೂಕ ಯಾರಾರ ಕುಂತರ ನನಗ ನಾನ ಸುಳ್ಳ ಬರಕೋತೀನಿ. ಅದಕ್ಕ ಇಷ್ಟ ದಿನಾ ಬರಿಯೂದು ಬಿಟ್ಟಿದ್ದೆ."

ಬಾಗಿಲು ಹಾಕಿಕೊಂಡಳು. ಒಳಗಿನಿಂದ ಚಿಲಕವೂ ಬಿತ್ತು. ಇಷ್ಟೆಲ್ಲ ಮಾಡಿದ ನನಗೇ ಚಿಲಕ! ಸಿಟ್ಟಿನಿಂದ ಕಟ್ಟೆಯ ಮೇಲೆ ಕೂತೆ. ಸ್ವಲ್ಪ ಹೊತ್ತಿಗೆ ಗುಂಡಿಯ ಸದ್ದು ಕೇಳಿಸಿತು. ಒಂದು. ಬಹಳ ಹೊತ್ತು ಬಿಟ್ಟು ಇನ್ನೊಂದು. ಆಮೇಲೆ ಎರಡು, ಮೂರು. ಸೊಸೆ ನನ್ನ ಕೈ ಹಿಡಿದುಕೊಂಡಳು.

ಹೋಳಿಗೆ ಬಡಿಸಿ ಎರಡು ಸಲ ಕರೆದೆವು. ಎರಡನೇ ಸಲಕ್ಕೆ ಬಾಗಿಲ ಆಚೆಯಿಂದ ಮೊದಲಿನ ಹಾಗೇ ಜೋರಾದ ದನಿ ಬಂತು.

"ತಡೀರಲೇ, ನಡು ಸಾಲಿನ್ಯಾಗ ಅದೀನಿ!"