ಕನ್ನಡಿಗೆ ಕಟ್ಟಿದ ಬಾಳೆಕಂದು

ಚಾಮರಾಜಪೇಟೆಯಲ್ಲಿ ಹೂವಿನ ಬೈರಯ್ಯ ಎಂದರೆ ಯಾವ ಬೈರಯ್ಯ ಎಂದು ಯಾರೂ ಕೇಳುವುದಿಲ್ಲ. ವಯಸ್ಸು ಅರವತ್ತೊಂದು. ನಸುಕಿನಲ್ಲೇ ಮಾರ್ಕೆಟ್ಟಿಗೆ ಹೋಗಿ, ಆರು ಗಂಟೆಯೊಳಗೆ ಸೈಕಲ್ಲಿಗೆ ಎರಡು ಬುಟ್ಟಿ ಕಟ್ಟಿಕೊಂಡು ವಾಪಸಾಗುತ್ತಾನೆ. ನಲವತ್ತೆರಡು ಮನೆಗಳ ಗೇಟಿಗೆ ಬಾಳೆಎಲೆಯ ಪೊಟ್ಟಣ ಸಿಕ್ಕಿಸಿ ಗಂಟೆ ಬಾರಿಸಿ ಮುಂದೆ ಹೋಗುತ್ತಾನೆ. ಯಾವ ಮನೆಗೆ ಕನಕಾಂಬರ ಬೇಕು, ಯಾವ ಮನೆಗೆ ಶುಕ್ರವಾರ ಮಾತ್ರ ತಾವರೆ, ಯಾವ ಮನೆಯ ಅಜ್ಜಿಗೆ ಸೇವಂತಿಗೆ ಕಂಡರೆ ಸೀನು ಬರುತ್ತದೆ ಎಂಬುದೆಲ್ಲ ಅವನ ತಲೆಯಲ್ಲೇ ಇದೆ, ಎಲ್ಲೂ ಬರೆದಿಟ್ಟಿಲ್ಲ. ಮೂವತ್ತೈದು ವರ್ಷ ಬಸ್ಸು ಲಾರಿಗಳ ಪಕ್ಕದಲ್ಲೇ ಸೈಕಲ್ ತುಳಿದರೂ ಮೈಮೇಲೆ ಒಂದು ಗೀರು ಬಿದ್ದಿರಲಿಲ್ಲ.

ಆದರೆ ಅವನ ಹೆಸರು ನಿಂತಿರುವುದು ದಿನದಿನದ ಹೂವಿನ ಮೇಲಲ್ಲ, ಆಯುಧಪೂಜೆಯ ಮೇಲೆ. ಆ ದಿನ ಪೇಟೆಯ ಲಾರಿ, ಟೆಂಪೊ, ನೀರಿನ ಟ್ಯಾಂಕರ್ ಎಲ್ಲವೂ ಬೈರಯ್ಯನ ಕೈಗೇ ಕಾಯುತ್ತವೆ. ಬೇರೆಯವರು ಕಟ್ಟಿದ ಬಾಳೆಕಂದು ಸಂಜೆಯೊಳಗೆ ಸೊಂಟ ಮುರಿದುಕೊಂಡು ಜೋತು ಬೀಳುತ್ತದೆ. ಬೈರಯ್ಯ ಕಟ್ಟಿದ್ದು ಮೂರು ದಿನ ಗಾಳಿಗೆ ಎದೆಯೊಡ್ಡಿ ನೆಟ್ಟಗೆ ನಿಂತಿರುತ್ತದೆ. ಅದರ ಗುಟ್ಟೇನೂ ದೊಡ್ಡದಲ್ಲ. ಬುಡವನ್ನು ಬಂಪರಿಗೆ ಕಟ್ಟಬೇಕು, ಮೇಲ್ತುದಿಯನ್ನು ಪಕ್ಕದ ಕನ್ನಡಿ ಹಿಡಿದಿರುವ ಕಬ್ಬಿಣದ ಸರಳಿಗೆ ಬಿಗಿಯಬೇಕು. ಬಾಳೆನಾರಿನಲ್ಲಿ ಮೂರು ಸುತ್ತು, ಅಡಿಯಿಂದ ಒಂದು ತಿರುವು. ಹಬ್ಬದ ಮಾರನೆಯ ದಿನ ಬೀದಿಯಲ್ಲಿ ಹೋಗುತ್ತಾ ಬೇರೆಯವರ ಅಲಂಕಾರ ನೋಡಿ "ಚ್ಚು, ಪಾಪ" ಎನ್ನುವುದು ಅವನ ವಾರ್ಷಿಕ ಸುಖ. ಮನುಷ್ಯನಿಗೆ ಇಷ್ಟು ಜಂಬವೂ ಇರದಿದ್ದರೆ ಬದುಕುವುದಾದರೂ ಯಾತಕ್ಕೆ?

ಈ ಸಲದ ವಿಜಯದಶಮಿಯ ಬೆಳಿಗ್ಗೆ, ಏಳು ಗಂಟೆಯ ಹೊತ್ತಿಗೆ, ಬೈರಯ್ಯ ಐದನೇ ಮುಖ್ಯರಸ್ತೆಯಲ್ಲಿ ಬರುತ್ತಿದ್ದ. ಮುಂದೆ ಒಂದು ನೀರಿನ ಟ್ಯಾಂಕರ್ ನಿಧಾನವಾಯಿತು. ಅದು ನೇರ ಹೋಗುತ್ತದೆ ಎಂದುಕೊಂಡು ಅವನು ಅದರ ಎಡಪಕ್ಕಕ್ಕೆ, ಮುಂಚಕ್ರದ ಹತ್ತಿರಕ್ಕೆ ಸೈಕಲ್ ತಂದ. ಟ್ಯಾಂಕರ್ ಎಡಕ್ಕೆ ತಿರುಗಿತು. ಡ್ರೈವರ್ ಇಂಡಿಕೇಟರ್ ಹಾಕಿಯೇ ಇದ್ದ. ಆದರೆ ಅದರ ಮೇಲೆ ಬೆರಳು ತೂರದಷ್ಟು ಒತ್ತಾಗಿ ಚೆಂಡುಹೂವಿನ ಹಾರ ಬಿದ್ದಿತ್ತು. ಚಕ್ರ ಸೈಕಲ್ಲಿನ ಮೇಲೆ ಹತ್ತಿತು. ಬೈರಯ್ಯನ ಬಲಗಾಲು ಸೈಕಲ್ಲಿನ ಅಡಿಗೆ ಸಿಕ್ಕಿ ಮೊಣಕಾಲಿನ ಕೆಳಗೆ ಮುರಿಯಿತು. ಕನಕಾಂಬರವೆಲ್ಲ ರಸ್ತೆಗೆ ಚೆಲ್ಲಿತು.

ಬಿದ್ದಲ್ಲಿಂದಲೇ ಅವನು ತಲೆಯೆತ್ತಿ ನೋಡಿದ. ಡ್ರೈವರನ ಮುಖ ಕಾಣಲಿಲ್ಲ. ಎಡಗಡೆಯ ಕನ್ನಡಿ ಇರಬೇಕಾದ ಜಾಗದಲ್ಲಿ ಅಗಲವಾದ ಹಸಿರು ಎಲೆಯೊಂದು ಹರಡಿಕೊಂಡಿತ್ತು. ಅದರ ಕೆಳಗೆ ಬಾಳೆನಾರಿನ ಗಂಟು. ಮೂರು ಸುತ್ತು, ಅಡಿಯಿಂದ ಒಂದು ತಿರುವು.

ಅಷ್ಟರಲ್ಲಿ ಜನ ಸೇರಿದ್ದರು. ಡ್ರೈವರನನ್ನು ಕೆಳಗೆಳೆದು ಎರಡು ಬಾರಿಸಿದ್ದೂ ಆಗಿತ್ತು. ಯಾರೋ ಸಿಟ್ಟಿಗೆ ಬಾಳೆಕಂದು, ಹಾರ ಎಲ್ಲ ಕಿತ್ತು ಎಸೆದರು. ಡ್ರೈವರ್ ಸ್ವರೂಪ್ ಎಂಬ ಇಪ್ಪತ್ತೊಂಬತ್ತರ ಹುಡುಗ. ಅದೇ ಪೇಟೆಯವನು, ಟ್ಯಾಂಕರೂ ಅವನದೇ. ಏಟನ್ನು ತಡೆಯಲು ಕೈ ಕೂಡ ಎತ್ತದೆ ಬೈರಯ್ಯನ ಕಾಲನ್ನೇ ನೋಡುತ್ತಾ ನಿಂತಿದ್ದ.

"ಹೊಡೀಬೇಡ್ರೋ! ತಪ್ಪು ನಂದು!" ಎಂದು ಬೈರಯ್ಯ ಕೂಗಿದ.

ಆಸ್ಪತ್ರೆಗೆ ಬಂದ ಪೊಲೀಸಿನವರಿಗೂ ಅದನ್ನೇ ಹೇಳಿದ. "ಕೇಸು ಗೀಸು ಏನೂ ಬೇಡ ಸಾರ್. ತಪ್ಪು ನಂದೇ."

ಹೇಳಿಕೆ ಬರೆದುಕೊಳ್ಳುತ್ತಿದ್ದವರು ಪೆನ್ನು ಮುಚ್ಚಿ, "ನಿಮ್ಮಂಥೋರು ಇರೋದಕ್ಕೇ ಕಣ್ರೀ ಇನ್ನೂ ಮಳೆ ಬೆಳೆ ಆಗ್ತಿರೋದು" ಎಂದರು.

ಅಲ್ಲಿಂದಲೇ ಫಜೀತಿ ಶುರುವಾಯಿತು. ಬೈರಯ್ಯ ಹೇಳಿದ್ದು ಅಪ್ಪಟ ನಿಜ. ಕೇಳಿದವರು ಅದನ್ನು ದೊಡ್ಡ ಮನಸ್ಸು ಎಂದು ತಿಳಿದರು. ಯಾವ ತಪ್ಪು, ಏನು ತಪ್ಪು ಎಂದು ಒಬ್ಬರೂ ಕೇಳಲಿಲ್ಲ, ಇವನೂ ಬಿಡಿಸಿ ಹೇಳಲಿಲ್ಲ. ನಲವತ್ತೆರಡು ಮನೆಗಳಿಂದ ಕೋಡುಬಳೆ, ಹಣ್ಣು, ಹಾರೈಕೆ ಬಂದವು. ನಿವೃತ್ತ ಮೇಷ್ಟ್ರು ವೃಷಭೇಂದ್ರಪ್ಪನವರು ಖುದ್ದಾಗಿ ಮನೆಗೆ ಬಂದು, ಮಂಚದ ಪಕ್ಕ ಕುರ್ಚಿ ಎಳೆದು ಕೂತು, ಅವನ ಕೈ ಹಿಡಿದುಕೊಂಡರು.

"ಕ್ಷಮೆ ಅಂದ್ರೆ ಏನು ಅಂತ ನಿಮ್ಮನ್ನ ನೋಡಿ ಕಲೀಬೇಕು ಬೈರಯ್ಯನವರೇ. ಆದ್ರೂ ಹಬ್ಬದ ದಿನ ಈ ದೊಡ್ಡ ಗಾಡಿಯವರು ಸ್ವಲ್ಪ ಕಣ್ಣು ಬಿಟ್ಕೊಂಡು ಓಡಿಸ್ಬೇಕು."

ಹಬ್ಬ ಎಂದದ್ದೇ ತಡ, ಬೈರಯ್ಯ ಬೆವೆತ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವನು ಸುಮ್ಮನೆ ಕಾಲಿನ ಪ್ಲಾಸ್ಟರ್ ಸವರಿಕೊಂಡ. "ಹಂಗೇನಿಲ್ಲ ಮೇಷ್ಟ್ರೇ, ಹಂಗೇನಿಲ್ಲ" ಎಂದ. ವಿನಯವೂ ಇದೆ ಎಂದು ಮೇಷ್ಟ್ರು ಇನ್ನಷ್ಟು ಕರಗಿದರು.

ಎಲ್ಲರಿಗಿಂತ ಹೆಚ್ಚು ಬಂದವನು ಸ್ವರೂಪ್. ದಿನಾ ಮಧ್ಯಾಹ್ನ ಅವನಮ್ಮ ಮಾಡಿದ ಕಾಲು ಸೂಪು ಡಬ್ಬಿಯಲ್ಲಿ ಬರುತ್ತಿತ್ತು. ಬೈರಯ್ಯನ ಸೈಕಲ್ಲಿಗೆ ಹೊಸ ಮುಂಚಕ್ರ ಹಾಕಿಸಿ, ಅದರ ಮೇಲೆ ತಾನೇ ಹೂವು ಹಾಕಲು ಹೊರಟ. "ಮನೆಗಳು ತಪ್ಪಿಹೋಗ್ಬಾರ್ದು ಬೈರಣ್ಣ, ನೀವು ಎದ್ದು ಓಡಾಡೋವರೆಗೆ ನಾನಿದ್ದೀನಿ" ಎಂದ. ಮೊದಲ ದಿನವೇ ಸೀನುವ ಅಜ್ಜಿಗೆ ಸೇವಂತಿಗೆ ಕೊಟ್ಟು ಬಂದ. ಮೂರನೆಯ ದಿನ ತಾವರೆಯನ್ನು ತಪ್ಪು ಮನೆಗೆ ಹಾಕಿ ಎರಡು ಮನೆಗಳವರಿಂದಲೂ ಬೈಸಿಕೊಂಡ. ಬೈರಯ್ಯನ ಹೆಂಡತಿ ಸುಂದರಮ್ಮ ಹೂವು ಕಟ್ಟುತ್ತಾ ಬಿದ್ದು ಬಿದ್ದು ನಗುತ್ತಿದ್ದಳು. ಮಕ್ಕಳಿಲ್ಲದ ಆ ಮನೆಯಲ್ಲಿ ಅಂಥ ನಗು ಕೇಳಿ ಬಹಳ ದಿನವಾಗಿತ್ತು. ಬೈರಯ್ಯನಿಗೆ ಆ ಹುಡುಗನ ದಾರಿ ಕಾಯುವುದು ಅಭ್ಯಾಸವಾಯಿತು. ನಿಜ ಹೇಳಬೇಕೆಂದರೆ, ಹೇಳಿಬಿಟ್ಟರೆ ಇದೂ ನಿಂತುಹೋಗುತ್ತದೇನೋ ಎಂಬ ಹೆದರಿಕೆಯೂ ಹುಟ್ಟಿತು.

"ಸೈಕಲ್ ಮೇಲೆ ಕೂತ ಮೇಲೆ ಗೊತ್ತಾಯ್ತು ಬೈರಣ್ಣ" ಎಂದ ಸ್ವರೂಪ್ ಒಂದು ದಿನ. "ಇವತ್ತು ಬಸವನಗುಡಿ ಕಡೆ ಬಸ್ಸೊಂದು ಪಕ್ಕಕ್ಕೇ ಬಂತು. ಅದರ ಟಯರು ನನ್ನ ಸೊಂಟದ ಮಟ್ಟಕ್ಕಿತ್ತು. ಎದೆ ಝಲ್ ಅಂತು. ಡ್ರೈವರ್ ಮುಖ ಅವನ ಕನ್ನಡೀಲಿ ಕಾಣ್ತಿದ್ಯಾ ಅಂತ ನೋಡ್ದೆ, ಕಾಣ್ಲಿಲ್ಲ. ನಂಗೆ ಅವನು ಕಾಣ್ತಿಲ್ಲ ಅಂದ್ರೆ ಅವನಿಗೂ ನಾನು ಕಾಣಲ್ಲ ತಾನೇ? ಬ್ರೇಕ್ ಹಿಡಿದು ನಿಂತ್ಬಿಟ್ಟೆ. ಹೋಗ್ಲಿ ಮಾರಾಯ, ಮೊದ್ಲು ನೀನು ಹೋಗು ಅಂತ."

"ಒಳ್ಳೇದ್ ಮಾಡ್ದೆ" ಎಂದ ಬೈರಯ್ಯ. ಕನ್ನಡಿ ಎಂಬ ಮಾತು ಅವನ ಎದೆಯಲ್ಲಿ ಸಿಕ್ಕಿಕೊಂಡಿತ್ತು.

"ಅವತ್ತು ನೀವು ನಂಗೆ ಯಾಕೆ ಕಾಣ್ಲಿಲ್ಲ ಅನ್ನೋದೇ ಅರ್ಥ ಆಗ್ತಿಲ್ಲ ಅಣ್ಣ. ಎಡಗಡೆ ತಿರುಗಿ ನೋಡ್ದೆ, ದೇವ್ರಾಣೆ ನೋಡ್ದೆ. ಹೋದ ವಾರ ಕಣ್ಣಿನ ಡಾಕ್ಟ್ರ ಹತ್ರಾನೂ ತೋರಿಸ್ದೆ. ಕಣ್ಣಲ್ಲಿ ಏನೂ ತೊಂದ್ರೆ ಇಲ್ಲ ಅಂದ್ರು. ಕಣ್ಣು ಸರಿಯಿದ್ದೂ ಒಬ್ಬ ಮನುಷ್ಯ ಕಾಣಲ್ಲ ಅಂದ್ರೆ ನನ್ನಲ್ಲೇ ಏನೋ ಐಬಿದೆ. ಇನ್ನೊಂದ್ಸಲ ಹಿಂಗಾದ್ರೆ? ಅವರು ನಿಮ್ಮಂಗೆ ಬದುಕ್ಲಿಲ್ಲ ಅಂದ್ರೆ?" ಸೂಪಿನ ಡಬ್ಬಿಯ ಮುಚ್ಚಳವನ್ನು ತಿರುಗಿಸುತ್ತಲೇ ಇದ್ದ. "ಗಾಡಿ ಮಾರ್ಬಿಡ್ತೀನಿ. ಭಾನುವಾರ ತಗೊಳ್ಳೋರು ಬರ್ತಾರೆ. ಇನ್ನು ನಾನು ಸ್ಟೇರಿಂಗ್ ಮುಟ್ಟಲ್ಲ."

ಸ್ವರೂಪ್ ಹೋದ ಮೇಲೆ ಬೈರಯ್ಯ ಸೂಪು ಮುಟ್ಟಲಿಲ್ಲ. ಬಿಸಿತುಪ್ಪ ಬಾಯಿಗೆ ಹಾಕಿಕೊಂಡವನ ಪಾಡು, ನುಂಗುವಂತಿಲ್ಲ, ಉಗುಳುವಂತಿಲ್ಲ. ಸುಂದರಮ್ಮ ನಾಲ್ಕು ಮೊಳ ಮಲ್ಲಿಗೆ ಕಟ್ಟಿ ಮುಗಿಸಿ, "ಏನ್ರೀ ಅದು?" ಎಂದಳು. ಅವನು ಹೇಳಿದ. ಎಲೆ, ಹಾರ, ಗಂಟು, ಎಲ್ಲವನ್ನೂ ಹೇಳಿದ.

"ಬೈರಯ್ಯನೇ ಬಾಳೆ ಕಟ್ಟಿ ಕಣ್ಣು ಮುಚ್ಚಿಸ್ದ ಅಂತ ಪೇಟೆ ತುಂಬ ಆಡ್ಕೋತಾರೆ. ಮೂವತ್ತೈದು ವರ್ಷದ ಹೆಸರು ಕಣೇ" ಎಂದ ಕೊನೆಗೆ.

ಸುಂದರಮ್ಮ ದಾರವನ್ನು ಹಲ್ಲಿನಿಂದ ಕತ್ತರಿಸಿದಳು. "ನಿಮ್ಮ ಹೆಸರು ದೊಡ್ಡದೋ, ಆ ಹುಡುಗನ ನಿದ್ದೆ ದೊಡ್ಡದೋ? ಅವನ ಕಣ್ಣು ನೋಡಿದೀರಾ, ಹೆಂಗೆ ಗುಳಿ ಬಿದ್ದಿದೆ ಅಂತ? ನಿಮ್ ಕಾಲು ಕೂಡ್ಕೊಳ್ತು. ಅವನದ್ದು ಯಾವ ಡಾಕ್ಟ್ರು ಕೂಡಿಸ್ತಾರೆ?"

ಅವಳು ಹೇಳಿದ್ದರಲ್ಲಿ ಒಂದು ಮಾತೂ ತಪ್ಪಿರಲಿಲ್ಲ.

ಶುಕ್ರವಾರ ಪ್ಲಾಸ್ಟರ್ ತೆಗೆದರು. ಶನಿವಾರ ಸಂಜೆ ಬೈರಯ್ಯ ಊರುಗೋಲು ಹಿಡಿದು, "ನಿನ್ ಗಾಡಿ ಹತ್ರ ಹೋಗೋಣ ಬಾ" ಎಂದು ಸ್ವರೂಪನನ್ನು ಹೊರಡಿಸಿದ. ದಾರಿಯಲ್ಲಿ ಆಟೋ ನಿಲ್ಲಿಸಿ ಒಂದು ಬಾಳೆಕಂದು ತೆಗೆದುಕೊಂಡ. ಯಾಕೆ ಎಂದು ಕೇಳಿದರೆ "ಬಾ, ತೋರಿಸ್ತೀನಿ" ಎಂದ. ಬೋರ್‌ವೆಲ್ ಪಕ್ಕದ ಖಾಲಿ ಜಾಗದಲ್ಲಿ ಟ್ಯಾಂಕರ್ ನಲವತ್ತು ದಿನದ ಧೂಳು ಹೊದ್ದು ನಿಂತಿತ್ತು.

"ಹತ್ತಿ ಸೀಟಲ್ಲಿ ಕೂತ್ಕೊ."

"ಬೇಡ ಅಣ್ಣ."

"ಗಾಡಿ ಸ್ಟಾರ್ಟ್ ಮಾಡು ಅಂದ್ನಾ? ಕೂತ್ಕೊ ಅಂದೆ."

ಸ್ವರೂಪ್ ಹತ್ತಿ ಕೂತ. ಬೈರಯ್ಯ ಊರುಗೋಲನ್ನು ಬಂಪರಿಗೆ ಒರಗಿಸಿ, ಒಂಟಿಕಾಲಿನ ಮೇಲೆ ಭಾರ ಬಿಟ್ಟು, ಬಾಳೆಕಂದನ್ನು ಕಟ್ಟಿದ. ಬುಡ ಬಂಪರಿಗೆ, ತುದಿ ಎಡಗನ್ನಡಿಯ ಸರಳಿಗೆ. ಗಂಟು ತಾನಾಗಿಯೇ ಬಿತ್ತು. ಆಮೇಲೆ ಕುಂಟುತ್ತಾ ಹೋಗಿ ಎಡ ಮುಂಚಕ್ರದ ಪಕ್ಕದಲ್ಲಿ ನಿಂತ.

"ಕನ್ನಡೀಲಿ ನಾನು ಕಾಣ್ತೀನಾ?"

ಮೇಲಿನಿಂದ ಒಂದೇ ಮಾತು ಬಂತು. "ಇಲ್ಲ."

ಬೈರಯ್ಯ ವಾಪಸು ಬಂದು ಗಂಟು ಬಿಚ್ಚಿದ. ಬಾಳೆಕಂದು ನೆಲಕ್ಕೆ ಬಿತ್ತು. ಮತ್ತೆ ಅದೇ ಜಾಗಕ್ಕೆ ಹೋಗಿ ನಿಂತ.

"ಈಗ?"

"ಕಾಣ್ತಿದೀರ."

"ನಿನ್ನ ಕಣ್ಣಲ್ಲೂ ಐಬಿಲ್ಲ, ನಿನ್ನಲ್ಲೂ ಐಬಿಲ್ಲ ಕಣಪ್ಪ. ತಪ್ಪು ನಂದು ಅಂತ ಅವತ್ತೇ ಹೇಳ್ದೆ, ಯಾರೂ ಕೇಳಿಸ್ಕೊಳ್ಲಿಲ್ಲ. ಕೇಳಿಸ್ಕೊಳ್ದೇ ಇದ್ದದ್ದು ನಂಗೂ ಹಿತವಾಗಿತ್ತು. ಅದಕ್ಕೇ ಸುಮ್ನಿದ್ದೆ."

ಸ್ವರೂಪ್ ಕೆಳಗಿಳಿದ. ಅವನ ಮುಖ ಕೆಂಪಾಗಿತ್ತು. "ನಲವತ್ತು ದಿವ್ಸ ಬೈರಣ್ಣ" ಎಂದ. "ನಲವತ್ತು ದಿವ್ಸ ನಾನು ಕಣ್ಣು ಮುಚ್ಚಿದ್ರೆ ನಿಮ್ ಸೈಕಲ್ ಮುರಿಯೋ ಸದ್ದೇ ಕೇಳ್ತಿತ್ತು. ದಿನಾ ನಿಮ್ಮನೆಗೆ ಬಂದ್ನಲ್ಲ, ಒಂದ್ ದಿನಾನಾದ್ರೂ ಹೇಳ್ಬಾರ್ದಿತ್ತಾ?"

ಸ್ವರೂಪ್ ಒಂದು ಆಟೋ ಕರೆದು ಬೈರಯ್ಯನನ್ನು ಹುಷಾರಾಗಿ ಕೂರಿಸಿ, ತಾನು ಹತ್ತದೆ ನಡೆದು ಹೋಗಿಬಿಟ್ಟ.

ಭಾನುವಾರ ಬೆಳಿಗ್ಗೆ ಆರಾಯಿತು, ಆರೂವರೆಯಾಯಿತು. ಸುಂದರಮ್ಮನೇ ಮಾರ್ಕೆಟ್ಟಿಗೆ ಹೋಗಿ ತಂದ ಹೂವು ಬುಟ್ಟಿಗಳಲ್ಲಿ ಕಾದಿತ್ತು. ಸೈಕಲ್ ಗೋಡೆಗೊರಗಿ ನಿಂತಿತ್ತು. ಸ್ವರೂಪ್ ಬರಲಿಲ್ಲ. ಬೈರಯ್ಯ ಬಾಗಿಲಲ್ಲೇ ಕೂತಿದ್ದ. ಹೇಳಿದ್ದಕ್ಕೆ ಪಶ್ಚಾತ್ತಾಪವಿರಲಿಲ್ಲ. ಆದರೆ ಹುಡುಗ ಇನ್ನು ಬರುವುದಿಲ್ಲ ಎಂಬ ಯೋಚನೆಗೆ ಕಣ್ಣು ತುಂಬಿ ಬಂತು, ಒರೆಸಿಕೊಳ್ಳುವ ಗೋಜಿಗೂ ಅವನು ಹೋಗಲಿಲ್ಲ.

ಏಳಕ್ಕೆ ಹತ್ತು ನಿಮಿಷವಿರುವಾಗ ಓಣಿಯ ತುದಿಯಲ್ಲಿ ಹಾರ್ನ್ ಕೇಳಿಸಿತು. ಟ್ಯಾಂಕರ್ ಬಂತು, ತೊಳೆದು ಒರೆಸಿದ ಟ್ಯಾಂಕರ್. ಸ್ವರೂಪ್ ಇಳಿದು ಬಂದು, ಯಾರ ಮುಖವನ್ನೂ ನೋಡದೆ, ಹೂವಿನ ಬುಟ್ಟಿಗಳನ್ನು ಒಂದೊಂದಾಗಿ ಕ್ಯಾಬಿನ್ನಿಗೆ ಸಾಗಿಸಿದ.

"ತಗೊಳ್ಳೋರಿಗೆ ಬರ್ಬೇಡಿ ಅಂದೆ" ಎಂದ, ಬುಟ್ಟಿಯೊಂದಿಗೇ ಮಾತಾಡುವವನಂತೆ. "ನಿನ್ನೆ ನಿಮ್ಮ ಮೇಲೆ ಸಿಟ್ಟು ಬಂದಿದ್ದು ನಿಜ. ಆಮೇಲೆ ನೆನಪಾಯ್ತು. ಆ ಎಲೆ ಅಡ್ಡ ಬರ್ತಿದೆ ಅಂತ ಹಬ್ಬದ ಸಂಜೇನೇ ನೋಡಿದ್ದೆ ಬೈರಣ್ಣ. ಪೂಜೆ ಮಾಡಿದ್ದು, ಬಾಡೋಕೆ ಮುಂಚೆ ಕೀಳ್ಬಾರ್ದು, ನಡಿಯುತ್ತೆ ಬಿಡು ಅಂದ್ಕೊಂಡೆ. ಕಟ್ಟಿದ್ದು ನೀವು, ಓಡಿಸಿದ್ದು ನಾನು. ಏಳಿ, ಹೊತ್ತಾಯ್ತು."

"ನಾನಾ? ಗಾಡೀಲಾ?"

"ಒಬ್ನೇ ಓಡಿಸೋಕೆ ಭಯ ಆಗ್ತಿದೆ. ಎಡಗಡೆ ಕೂತ್ಕೊಳ್ಳಿ."

ಸುಂದರಮ್ಮ ಹಿಂದಿನಿಂದ ದೂಡಿ, ಸ್ವರೂಪ್ ಮೇಲಿನಿಂದ ಎಳೆದು, ಅಂತೂ ಬೈರಯ್ಯನನ್ನು ಸೀಟಿಗೆ ಸೇರಿಸಿದರು. ಒಂದು ಮೊಳ ಕನಕಾಂಬರ ಹಾಕುವುದಕ್ಕೆ ಹನ್ನೆರಡು ಸಾವಿರ ಲೀಟರಿನ ಟ್ಯಾಂಕರ್ ಬರುವುದನ್ನು ಚಾಮರಾಜಪೇಟೆ ಅಂದೇ ಮೊದಲು ನೋಡಿದ್ದು. ವೃಷಭೇಂದ್ರಪ್ಪನವರು ಗೇಟಿನಲ್ಲಿ ಕಾಫಿ ಲೋಟ ಹಿಡಿದವರು ಕುಡಿಯುವುದನ್ನೇ ಮರೆತರು. ಬೈರಯ್ಯ ಕಿಟಕಿಯಿಂದ ಪೊಟ್ಟಣ ಚಾಚಿ, "ಮೇಷ್ಟ್ರೇ, ಅವತ್ತು ಕನ್ನಡಿಗೆ ಅಡ್ಡ ಬಾಳೆ ಕಟ್ಟಿದ್ದು ನಾನೇ. ಕ್ಷಮೆ ಗಿಮೆ ಎಲ್ಲ ಇವನದ್ದು" ಎಂದು ಒಂದೇ ಉಸಿರಿಗೆ ಹೇಳಿಬಿಟ್ಟ. ಹೇಳಿದ ಮೇಲೆ ಹೊಟ್ಟೆ ಹಗುರಾಯಿತು, ಹಸಿವೂ ಆಯಿತು.

ಐದನೇ ಮುಖ್ಯರಸ್ತೆಯ ತಿರುವು ಬಂತು. ಸ್ವರೂಪ್ ಇಂಡಿಕೇಟರ್ ಹಾಕಿ ಗಾಡಿ ನಿಧಾನ ಮಾಡಿದ. ಕನ್ನಡಿ ನೋಡಿದ, ಮತ್ತೊಮ್ಮೆ ನೋಡಿದ.

"ನಂಗೆ ಯಾರೂ ಕಾಣ್ತಿಲ್ಲ ಬೈರಣ್ಣ. ನೀವೊಂದ್ಸಲ ನೋಡಿ."

ಬೈರಯ್ಯ ಕಿಟಕಿಯಿಂದ ತಲೆ ಹೊರಹಾಕಿ ಕೆಳಗೆ ನೋಡಿದ. ಬಾಗಿಲಿಗೆ ಅಂಟಿಕೊಂಡಷ್ಟು ಹತ್ತಿರದಲ್ಲಿ, ಯಾವ ಕನ್ನಡಿಗೂ ಸಿಗದ ಜಾಗದಲ್ಲಿ, ಹೆಂಗಸೊಬ್ಬಳು ಸೈಕಲ್ ಮೇಲೆ ಒಂದು ಕಾಲು ಊರಿ ನಿಂತಿದ್ದಳು. ಹ್ಯಾಂಡಲಿಗೆ ತರಕಾರಿ ಚೀಲ, ತಲೆಯಲ್ಲಿ ತುಂಡು ಮಲ್ಲಿಗೆ.

"ತಡಿ ಮಗಾ" ಎಂದ ಬೈರಯ್ಯ. "ಒಬ್ರು ಇದ್ದಾರೆ."

ಸ್ವರೂಪ್ ಬ್ರೇಕ್ ಒತ್ತಿ ಹಿಡಿದ. ಅವಳು ಮೇಲೆ ನೋಡಲಿಲ್ಲ. ಪೆಡಲ್ ತುಳಿದು ಚಕ್ರವನ್ನು ದಾಟಿ, ಬಂಪರನ್ನು ದಾಟಿ, ಎದುರಿನ ಬಿಸಿಲಿಗೆ ಸಲೀಸಾಗಿ ಹೊರಟುಹೋದಳು. ಅವಳು ತಿರುವು ದಾಟುವವರೆಗೂ ಇಬ್ಬರೂ ನೋಡುತ್ತಲೇ ಇದ್ದರು.

"ಈಗ ಹೋಗು" ಎಂದ ಬೈರಯ್ಯ.